ನಾಲ್ಕನೆಯ ನುಡಿ

ಪೆಟ್ಟಿಗೆಯ ಮುಚ್ಚಳ ತೆರೆದ ಗಾಸ್ಪರ್ ಹಾಗೆಯೇ ನಿಂತುಬಿಟ್ಟ.

"ಇಲ್ಲ," ಎಂದ.

"ಏನಿಲ್ಲ?" ಎಂದೆ.

"ಹಾಡು. ಹಾಡೇ ಇಲ್ಲ, ಮೆಲ್ಚೋರ್!"

ಗಿಟಾರ್ ಇತ್ತು. ಪೆಟ್ಟಿಗೆಯ ಗೂಡಿನಲ್ಲಿ ಹೊಸ ತಂತಿಗಳ ಸುರುಳಿ ಇತ್ತು, ಒರೆಸುವ ಬಟ್ಟೆ ಇತ್ತು. ನಿನ್ನೆ ಸಂಜೆ ತಾನೇ ಮಡಿಸಿಟ್ಟೆನೆಂದು ಅವನು ಹೇಳುವ ಎರಡು ಹಾಳೆಗಳು ಮಾತ್ರ ಇರಲಿಲ್ಲ.

ಆಗ ಮಧ್ಯಾಹ್ನ ಹನ್ನೆರಡು. ಸಂಜೆ ಆರಕ್ಕೆ ನಾವು ಮೂವರು ದೊನ್ ಫೆರ್ಮಿನ್ ಅವರ ಕಿಟಕಿಯ ಕೆಳಗೆ ನಿಂತು ಆ ಹಾಡನ್ನು ಹಾಡಬೇಕಿತ್ತು. ಕಿಟಕಿಯ ಕೆಳಗೆ ಹಾಡುವುದೆಂದರೆ ರಾತ್ರಿಯ ಕೆಲಸ. ಆದರೆ ದೊನ್ ಫೆರ್ಮಿನ್ ಈಗೀಗ ಏಳರ ಮೇಲೆ ಎಚ್ಚರ ಇರುತ್ತಿರಲಿಲ್ಲ. ಡಾಕ್ಟರು ಒಂದು ವಾರ ಎಂದಿದ್ದರು. ಅದರಲ್ಲಿ ನಾಲ್ಕು ದಿನ ಕಳೆದುಹೋಗಿತ್ತು.

ಮೆಕ್ಸಿಕೋದ ನಮ್ಮ ಮೆರಿದಾ ಊರಿನಲ್ಲಿ ಒಂದು ಹಾಡಿಗೆ ಇಬ್ಬರು ಅಪ್ಪಂದಿರು. ಮಾತು ಕವಿಯದು, ರಾಗ ಗಿಟಾರಿನವನದು. ಮೂವತ್ತು ವರ್ಷಗಳಿಂದ ದೊನ್ ಫೆರ್ಮಿನ್ ಮಾತು ಬರೆದುಕೊಟ್ಟರು, ಗಾಸ್ಪರ್ ರಾಗ ಹಾಕಿದ, ಊರಿನವರು ಎಲ್ಲವನ್ನೂ 'ಗಾಸ್ಪರನ ಹಾಡು' ಎಂದರು. ಕವಿಯನ್ನು ಯಾರು ಕೇಳುತ್ತಾರೆ? ದಪ್ಪ ಗಿಟಾರ್ ಬಾರಿಸುವ ನನ್ನನ್ನಂತೂ ಕೇಳುವುದೇ ಬೇಡ. ಹೊಟ್ಟೆಯುರಿ ಎಂದರೇನೆಂದು ನನಗೂ ಗೊತ್ತು, ಅದಕ್ಕೇ ಈ ಕಥೆಯನ್ನು ಹೇಳಬಲ್ಲೆ.

ಇದು ದೊನ್ ಫೆರ್ಮಿನ್ ಅವರ ಕಡೆಯ ಹಾಡು. "ಪೂರ್ತಿ ನಾಲ್ಕು ನುಡಿ, ಗಾಸ್ಪರನೇ ಹಾಡಬೇಕು, ಒಂದು ಸಲ ಕೇಳಿ ಹೋಗ್ತೀನಿ" ಎಂದು ಹೇಳಿಕಳಿಸಿದ್ದರು. ಮೂರು ನುಡಿಗಳು ಮೊದಲೇ ಬಂದಿದ್ದವು. ನಮಗೆಲ್ಲ ಬಾಯಿಗೆ ಬಂದಿದ್ದವು. ನಾಲ್ಕನೆಯದು ಬಂದದ್ದು ನಿನ್ನೆ ಸಂಜೆ. ಅದನ್ನು ಓದಿದವನು ಗಾಸ್ಪರ್ ಒಬ್ಬನೇ.

ನಾನು ಅವನ ಗಿಟಾರನ್ನು ಎತ್ತಿ ತಂತಿ ಮೀಟಿದೆ. ಬೊಂಬ್ ಎಂದು ಸತ್ತ ದನಿ ಬಂತು. ಆರೂ ತಂತಿ ಸಡಿಲ.

"ನೋಡಿದ್ರಾ? ಕಳ್ಳ ಕುಚೇಷ್ಟೆನೂ ಮಾಡಿ ಹೋಗಿದ್ದಾನೆ," ಎಂದ ಬಾಗಿಲಲ್ಲಿ ನಿಂತಿದ್ದ ರುಸೆಲ್. ನಮ್ಮ ತಂಡದ ಮುಖ್ಯ ಗಾಯಕ ಅವನು. ದನಿ ಬೆಣ್ಣೆ, ನಾಲಿಗೆ ಖಾರದ ಮೆಣಸು. "ಕಳ್ಳ ಅಂದೆನಾ? ಕಳ್ಳಿ ಅನ್ನಬೇಕಿತ್ತೇನೋ."

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು.

ಹಿಟ್ಟಿನ ಕೈಯಲ್ಲೇ ನೀದಿಯಾ ಹೊರಗೆ ಬಂದಳು. ಗಾಸ್ಪರನ ಹೆಂಡತಿ, ಅರವತ್ತರ ಹತ್ತಿರ, ಗಿಡ್ಡ ಆಳು, ಕಣ್ಣು ಮಾತ್ರ ಕೆಂಡ.

"ಏನಂದೆ ರುಸೆಲ್? ಇನ್ನೊಂದು ಸಲ ಅನ್ನು."

"ನಾನೇನೂ ಅಂದಿಲ್ಲ ದೊನ್ಯಾ ನೀದಿಯಾ. ಹಸಿರು ಕಣ್ಣಿನ ಹಾಡು ಬಂದ ವರ್ಷ ಯಾರೋ ಕತ್ತರಿ ತಗೊಂಡು ಗಿಟಾರಿನ ಆರೂ ತಂತಿ ಕತ್ತರಿಸಿದ್ರು. ಅದು ನೆನಪಾಯ್ತು, ಅಷ್ಟೇ."

"ಯಾರೋ ಅಲ್ಲ, ನಾನೇ ಕತ್ತರಿಸಿದ್ದು. ಇವನ ಎದುರಿಗೇ ಕತ್ತರಿಸಿದ್ದು. ನನ್ನ ಕಣ್ಣು ಕಪ್ಪು, ಇವನು ಹಸಿರು ಕಣ್ಣು ಅಂತ ಊರೆಲ್ಲ ಹಾಡ್ಕೊಂಡು ತಿರುಗಿದ್ರೆ ಆರತಿ ಎತ್ತಬೇಕಿತ್ತಾ?"

"ಈಗಿನ ಹಾಡಲ್ಲಿ ಹತ್ತು ಬೀದಿ ಆಚೆ ಯಾವಳೋ ಇದ್ದಾಳಲ್ಲ..."

"ಇದ್ದಾಳೆ! ಎಣಿಸಿದ್ದೀನಿ!" ಎಂದಳು ನೀದಿಯಾ.

ಆ ಹಾಡಿನ ಮೊದಲ ನುಡಿ ಹೀಗಿತ್ತು:

ಹತ್ತು ಬೀದಿ ಆಚೆ ನೀನು,
ಹತ್ತು ಕಡಲು ಆಚೆ ನೀನು;
ನಡೆಯಬಲ್ಲ ದೂರವನ್ನೇ
ನಡೆಯದಾದೆ ನಾನು.

ನಮ್ಮೂರಿನ ಬೀದಿಗಳಿಗೆ ಹೆಸರಿಲ್ಲ, ಸಂಖ್ಯೆ. ಎಣಿಸುವುದು ಸುಲಭ. ನೀದಿಯಾ ತನ್ನ ಮನೆ ಬಾಗಿಲಿನಿಂದ ಪೇಟೆಯ ಕಡೆ ಹತ್ತು ಬೀದಿ ಎಣಿಸಿಕೊಂಡು ಹೋಗಿದ್ದಳು. ಹತ್ತನೆಯ ಬೀದಿಯಲ್ಲಿ ಔಷಧಿ ಅಂಗಡಿಯ ವಿಧವೆಯೊಬ್ಬಳು ಸಿಕ್ಕಿದ್ದಳು. ಒಂದು ತಿಂಗಳಿನಿಂದ ಆ ಅಂಗಡಿಯಿಂದ ತಲೆನೋವಿನ ಮಾತ್ರೆಯನ್ನೂ ತಂದಿರಲಿಲ್ಲ.

"ಆದ್ರೆ ಕೇಳಿಸ್ಕೊ," ಎಂದಳು ರುಸೆಲನತ್ತ ಹಿಟ್ಟಿನ ಬೆರಳು ಚಾಚಿ. "ನಾನು ಕದ್ದಿದ್ರೆ ಹೇಳಿ ಕದೀತಿದ್ದೆ. ಹರಿದು ಇವನ ತಟ್ಟೆಗೆ ಬಡಿಸ್ತಿದ್ದೆ. ಸಾಯೋ ಮನುಷ್ಯನ ಹಾಡು ಬಚ್ಚಿಡೋ ಹೆಂಗಸಲ್ಲ ನಾನು." ಆಮೇಲೆ ಗಂಡನತ್ತ ತಿರುಗಿದಳು. "ನೀನಾದ್ರೂ ಹೇಳು ಮುದುಕ. ಇವಳಲ್ಲ ಅಂತ ಹೇಳು!"

ಗಾಸ್ಪರ್ ನೆಲ ನೋಡುತ್ತಾ ನಿಂತಿದ್ದ. "ಯಾರು ಏನು ಮಾಡ್ತಾರೆ ಅಂತ ಯಾರಿಗೆ ಗೊತ್ತು?" ಎಂದ.

ನೀದಿಯಾ ಮುಖಕ್ಕೆ ಹೊಡೆದಂತೆ ಹಿಂದೆ ಸರಿದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಜಗಳವಾಡಿದ್ದನ್ನು ನೋಡಿದ್ದೆ, ಕೂಗಾಡಿದ್ದನ್ನು ನೋಡಿದ್ದೆ. ಸುಮ್ಮನಾದದ್ದನ್ನು ಅಂದೇ ಮೊದಲು ನೋಡಿದೆ.

ಗಾಸ್ಪರ್ ನನ್ನ ದೊಡ್ಡ ಮಗಳ ಧರ್ಮಪಿತ. ಸಂಜೆಯೊಳಗೆ ಹಾಳೆ ಸಿಗದಿದ್ದರೆ ಒಂದು ಕಡೆ ದೊನ್ ಫೆರ್ಮಿನ್ ಹಾಡು ಕೇಳದೆ ಹೋಗುತ್ತಾರೆ, ಇನ್ನೊಂದು ಕಡೆ ನೀದಿಯಾ ಊರಿನ ಬಾಯಲ್ಲಿ ಕಳ್ಳಿಯಾಗಿ ಉಳಿಯುತ್ತಾಳೆ. ರುಸೆಲನ ನಾಲಿಗೆಗೆ ಅರ್ಧ ದಿನ ಸಾಕು. ನಾನು ಸಂತೆ ಚೌಕಕ್ಕೆ ಓಡಿದೆ.

ಚೌಕದ ಮೂಲೆಯಲ್ಲಿ ದೊನ್ಯಾ ಲಾಂದಿ ಜೋಲಿ ಹೆಣೆಯುತ್ತಾ ಕೂತಿದ್ದರು. ಮಂಚದ ಮೇಲೆ ಮಲಗುವವರು ನಮ್ಮೂರಲ್ಲಿ ಕಡಿಮೆ. ಹುಟ್ಟಿದ ಮಗುವಿನಿಂದ ಹಣ್ಣು ಮುದುಕರವರೆಗೆ ಎಲ್ಲರೂ ನೂಲಿನ ಜೋಲಿಯಲ್ಲೇ. ಅದಕ್ಕೆ ಅವರಿಗೆ ಪುರುಸೊತ್ತಿಲ್ಲದಷ್ಟು ಕೆಲಸ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಠಾಣೆಯಲ್ಲಿ ಹೆಂಗಸರ ಕೋಣೆಯ ಕಾವಲಿಗಿದ್ದವರು. ಇನ್‌ಸ್ಪೆಕ್ಟರುಗಳು ಕೂಗಾಡಿದರೂ ಹೊರಡದ ನಿಜ, ಇವರು ಒಂದು ಲೋಟ ಚಾಕೊಲೇಟ್ ಕುಡಿಸಿದರೆ ಹೊರಡುತ್ತಿತ್ತಂತೆ.

ಎಲ್ಲವನ್ನೂ ಕೇಳಿಸಿಕೊಂಡು, "ಗಿಟಾರ್ ಕದೀಲಿಲ್ವಾ?" ಎಂದರು.

"ಇಲ್ಲ. ಅದೇ ಆಶ್ಚರ್ಯ. ಅದನ್ನು ಮಾರಿದ್ರೆ ಮೂರು ತಿಂಗಳು ಊಟ."

"ಹೂಂ. ನಡಿ."

ಗಾಸ್ಪರನ ಮನೆಯ ಮುಂದಿನ ಕೋಣೆಯಲ್ಲಿ ಅವರು ಮೊದಲು ಪೆಟ್ಟಿಗೆ ನೋಡಿದರು, ಆಮೇಲೆ ಗಿಟಾರ್. ಒಂದೊಂದೇ ತಂತಿಯನ್ನು ಬೆರಳಿನಿಂದ ಒತ್ತಿ ಬಿಟ್ಟರು, ಜೋಲಿಯ ಹಗ್ಗ ಪರೀಕ್ಷಿಸುವ ಹಾಗೆ.

"ಪೆಟ್ಟಿಗೆ ಮುಟ್ಟಿದ್ದು ಕೊನೆಗೆ ಯಾವಾಗ, ದೊನ್ ಗಾಸ್ಪರ್?"

"ನಿನ್ನೆ ಸಂಜೆ. ದೊನ್ ಫೆರ್ಮಿನ್ ಮನೆಯ ಬಸಿಲಿಯಾ ಬಂದು ನಾಲ್ಕನೆಯ ನುಡಿ ಕೊಟ್ಟು ಹೋದಳು. ಓದಿದೆ, ಮಡಿಸಿದೆ, ಒಳಗಿಟ್ಟೆ."

"ಆಮೇಲೆ?"

"ಆಮೇಲೆ ಇವತ್ತು ಹನ್ನೆರಡಕ್ಕೇ ತೆಗೆದದ್ದು. ಇವರಿಬ್ಬರ ಎದುರಿಗೆ."

"ತಂತಿ ಯಾವಾಗಿನದು?"

"ಹೊಸದು. ನಿನ್ನೆ ಬೆಳಿಗ್ಗೆ ಹಾಕಿದೆ. ಹೊಸ ತಂತಿ ಒಂದಿಡೀ ದಿನ ಬಿಗಿಯಾಗಿದ್ರೇನೇ ಶ್ರುತಿ ನಿಲ್ಲೋದು."

"ನುಡಿಯಲ್ಲಿ ಏನಿತ್ತು?"

ಗಾಸ್ಪರ್ ಬೆವರು ಒರೆಸಿಕೊಂಡ. "ಒಂದು ಸಲ ಓದಿದ್ದು ನೆನಪಿರುತ್ತಾ?"

"ಒಂದು ಪದನೂ ಇಲ್ವಾ?"

"ಇಲ್ಲ ಅಂದ್ನಲ್ಲ ತಾಯಿ!"

ದೊನ್ಯಾ ಲಾಂದಿ ತಲೆಯಾಡಿಸಿದರು. ಬಿಸಿಲಿಗೆ ಊರಿನ ಬಾಗಿಲುಗಳೆಲ್ಲ ತೆರೆದೇ ಇರುತ್ತವೆ, ಯಾರು ಬೇಕಾದರೂ ಒಳಗೆ ಬಂದು ಹೋಗಬಹುದು; ಆ ಬಗ್ಗೆ ಅವರು ಕೇಳಲೇ ಇಲ್ಲ. ಪಕ್ಕದ ಕೋಣೆಗೆ ಇಣುಕಿದರು. ಅಲ್ಲಿ ಎರಡು ಜೋಲಿಗಳು ಅಕ್ಕಪಕ್ಕ ತೂಗುತ್ತಿದ್ದವು. ಕಿಟಕಿಯ ಕಡೆಯದರ ಪಕ್ಕದ ಗೋಡೆಯಲ್ಲಿ, ಮೊಣಕಾಲೆತ್ತರದಲ್ಲಿ, ಸುಣ್ಣದ ಮೇಲೊಂದು ಕಪ್ಪು ಕಲೆ. ಮಲಗಿಕೊಂಡು ಗೋಡೆಗೆ ಕಾಲು ಒದ್ದು ತೂಗಿಕೊಳ್ಳುವವರ ಮನೆಯಲ್ಲೆಲ್ಲ ಇರುವಂಥದ್ದೇ.

"ಇದು ನಿಂದಾ, ನೀದಿಯಾ?"

"ನಂದೇ. ವರ್ಷಕ್ಕೊಂದು ಸಲ ಸುಣ್ಣ ಹೊಡೀತೀನಿ, ಮತ್ತೆ ಬರುತ್ತೆ."

"ಎಡಗಾಲು."

"ಬಲಗಾಲಿನ ಹರಡು ಚಿಕ್ಕವಳಿದ್ದಾಗ ಮುರಿದಿತ್ತು. ಒದೆಯೋಕೆ ಆಗಲ್ಲ. ಯಾಕೆ, ಹಾಡಿಗೂ ನನ್ನ ಕಾಲಿಗೂ ಏನು ಸಂಬಂಧ?"

"ಜೋಲಿ ಹೆಣೆಯೋಳು ನಾನು. ಕಣ್ಣು ಅಲ್ಲಿಗೇ ಹೋಗುತ್ತೆ," ಎಂದರು.

ರುಸೆಲನನ್ನು ಅಂಗಳದ ಹುಳಿ ಕಿತ್ತಳೆ ಮರದ ಕೆಳಗೆ ಕೂರಿಸಿಕೊಂಡರು.

"ನಿಮ್ಮನ್ನ ಬಿಟ್ಟು ದೊನ್ ಗಾಸ್ಪರೇ ಹಾಡಬೇಕು ಅಂತ ಆಯ್ತಂತೆ. ಬೇಜಾರಾಗ್ಲಿಲ್ವಾ?"

"ಬೇಜಾರೇ? ಮೈಯೆಲ್ಲ ಉರೀತು! ಗಾಸ್ಪರನ ದನಿ ಕೇಳಿದ್ದೀರಾ? ಬಾವಿ ರಾಟೆ! ಹದಿನೈದು ವರ್ಷ ಇವರ ಹಾಡಿಗೆ ನಾನು ಜೀವ ಕೊಟ್ಟೆ. ಕೊನೇ ಹಾಡಿಗೆ ರಾಟೆ ಬೇಕಂತೆ."

"ಅದಕ್ಕೆ ಹಾಳೆ ಎತ್ತಿಟ್ರಿ?"

"ನಾನಾ? ಎತ್ತಿಡೋದಾದ್ರೆ ಗಾಸ್ಪರನ ಗಂಟಲು ಎತ್ತಿಡ್ತಿದ್ದೆ."

"ಬೆಳಿಗ್ಗೆ ಎಲ್ಲಿದ್ರಿ?"

ರುಸೆಲ್ ಗಂಟಲು ಸರಿಮಾಡಿಕೊಂಡ. "ಕೆಲಸ ಇತ್ತು."

"ಎಲ್ಲಿ?"

"ಖಾಸಗಿ ಕೆಲಸ."

ದೊನ್ಯಾ ಲಾಂದಿ ಅವನ ಕಾಲರಿನ ಒಳಮಗ್ಗುಲನ್ನು ಬೆರಳಿನಿಂದ ಮಡಿಸಿ ತೋರಿಸಿದರು. ಬಿಳಿ ಅಂಗಿಯ ಮೇಲೆ ಹಸಿಹಸಿ ಕಪ್ಪು ಬಣ್ಣ. "ಕೂದಲಿಗೆ ಬಣ್ಣ ಹಾಕಿಸ್ಕೊಳ್ಳೋಕೆ ಎಷ್ಟು ಹೊತ್ತು ಬೇಕು? ಮೂರು ಗಂಟೆ?"

"ಮೆಲ್ಲಗೆ ತಾಯಿ, ಮೆಲ್ಲಗೆ!" ಎಂದ ರುಸೆಲ್, ನನ್ನತ್ತ ನೋಡಿ.

"ನಿನ್ನ ಕೂದಲು ನಿಜವಾದ್ದಲ್ಲ ಅಂತ ನಮ್ಮನೆ ನಾಯಿಗೂ ಗೊತ್ತು," ಎಂದೆ. ಅವನು ಸಂಜೆಯವರೆಗೆ ನನ್ನೊಡನೆ ಮಾತಾಡಲಿಲ್ಲ.

ದೊನ್ಯಾ ಲಾಂದಿ ಎದ್ದರು. "ದೊನ್ ಫೆರ್ಮಿನ್ ಅವರ ಮನೆಗೆ ಹೋಗೋಣ. ನಡೆದೇ ಹೋಗೋಣ. ನೀದಿಯಾ, ನೀನೂ ಬರ್ತೀಯಾ?"

"ನಾನು ಆ ಬೀದಿಗೆ ಹೋಗಲ್ಲ."

"ಯಾಕೆ?"

"ಹೋಗಲ್ಲ ಅಂದ್ರೆ ಹೋಗಲ್ಲ. ಬೆಂಕಿ ಮೇಲೆ ಹುರುಳಿ ಇದೆ."

ಗಾಸ್ಪರ್ ಆಗ ಮೊದಲ ಬಾರಿಗೆ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಆ ನೋಟವನ್ನು ನಾನು ಸಿಟ್ಟು ಎಂದುಕೊಂಡೆ.

ಹೊರಟದ್ದು ನಾನು, ದೊನ್ಯಾ ಲಾಂದಿ ಇಬ್ಬರೇ. ದಾರಿಯುದ್ದಕ್ಕೂ ಅವರು ಪ್ರತಿ ಮೂಲೆಯಲ್ಲೂ ಒಂದು ಬೆರಳು ಮಡಿಸುತ್ತಿದ್ದರು. ದೊನ್ ಫೆರ್ಮಿನ್ ಅವರ ಹಳೆಯ ಎತ್ತರದ ಬಾಗಿಲ ಮುಂದೆ ನಿಂತಾಗ ಎರಡೂ ಕೈ ಮುಷ್ಟಿಯಾಗಿದ್ದವು.

ಬಾಗಿಲು ತೆಗೆದವಳು ಬಸಿಲಿಯಾ. ಆರು ವರ್ಷದಿಂದ ಅವರನ್ನು ನೋಡಿಕೊಳ್ಳುತ್ತಿರುವವಳು.

"ನಾಲ್ಕನೆಯ ನುಡಿಯನ್ನ ಅವರ ಹತ್ರ ಇನ್ನೊಮ್ಮೆ ಹೇಳಿಸೋಕಾಗುತ್ತಾ?" ಎಂದು ಕೇಳಿದೆ.

"ಇಲ್ಲಪ್ಪ. ನಿನ್ನೆ ಹೇಳೋಕೇ ಒಂದು ಗಂಟೆ ಹಿಡೀತು. ಒಂದು ಪದ, ಉಸಿರು. ಇನ್ನೊಂದು ಪದ, ಉಸಿರು. ನಾನು ಬರ್ಕೊಂಡೆ. ಇವತ್ತು ಒಂದೇ ಮಾತು, 'ಬರ್ತಾರಾ?' ಅಂತ."

"ಬರೆದೋಳು ನೀನೇ ಅಲ್ವಾ? ನೆನಪಿಲ್ವಾ?"

"ಪೂರ್ತಿ ಇಲ್ಲ. ಗೋಡೆಗೆ ಸುಣ್ಣ ಬಳಿದೆ, ಒಂದು ಗೋಡೆ ಬಿಟ್ಟೆ, ಅಲ್ಲಿ ನಿನ್ನ ಎಡಗಾಲಿನ ಗುರುತು... ಹೀಗೇನೋ. ನನಗೆ ನಗು ಬಂತು. ಪ್ರೇಮದ ಹಾಡಲ್ಲಿ ಯಾರಾದ್ರೂ ಸುಣ್ಣದ ವಿಷಯ ಬರೀತಾರಾ?"

ಮಧ್ಯಾಹ್ನ ನೋಡಿದ ಗೋಡೆ ಕಣ್ಣ ಮುಂದೆ ಬಂತು. ದೊನ್ಯಾ ಲಾಂದಿ ನನ್ನ ಮೊಣಕೈ ಹಿಡಿದು, "ಬಾಯಿ ಮುಚ್ಚಿಕೊಂಡಿರು," ಎಂದರು ಪಿಸುಮಾತಿನಲ್ಲಿ.

"ಆ ಗೋಡೆ ಎಲ್ಲಿದೆ, ಬಸಿಲಿಯಾ?"

ಅವಳು ಅಡುಗೆಮನೆಯ ಹಿಂದಿನ ಇಕ್ಕಟ್ಟಾದ ಕೋಣೆಗೆ ಕರೆದೊಯ್ದಳು. ಕಿಟಕಿಯಿಲ್ಲ. ಒಂದು ಜೋಲಿಗೆ ಆಗುವಷ್ಟೇ ಜಾಗ; ಎದುರುಬದುರು ಎರಡು ತುಕ್ಕು ಹಿಡಿದ ಕೊಂಡಿ. ಮೂರು ಗೋಡೆ ಬೆಳ್ಳಗಿದ್ದವು. ನಾಲ್ಕನೆಯದು ಹಳದಿಗಟ್ಟಿತ್ತು; ಅದರ ಮೇಲೆ ಕಪ್ಪು ಕಲೆ.

"ನಾನು ಬಂದಾಗಿನಿಂದ ಇದಕ್ಕೆ ಸುಣ್ಣ ಹೊಡೆಯೋಕೆ ಬಿಟ್ಟಿಲ್ಲ. ಕಾರಣ ಕೇಳಿದ್ರೆ ಉತ್ತರ ಇಲ್ಲ."

ದೊನ್ಯಾ ಲಾಂದಿ ಮಂಡಿಯೂರಿ ಕೂತರು. ಕಲೆಯ ಕೆಳಗಿನ ಅಂಚಿನಿಂದ ಮೇಲಿನ ಅಂಚಿನವರೆಗೆ ಗೇಣು ಹಾಕಿದರು. ಒಂದು ಕಡೆ ಹೆಬ್ಬೆರಳಿಟ್ಟು ನೋಡಿದರು. ಮತ್ತೊಂದು ಕಡೆ ಅಂಗೈ ಇಟ್ಟು ನೋಡಿದರು. ಎದ್ದು ಮಂಡಿಯ ಧೂಳು ಕೊಡವಿಕೊಂಡರು.

ಹೊರಡುವಾಗ ದೊನ್ ಫೆರ್ಮಿನ್ ಅವರ ಕೋಣೆಯ ಬಾಗಿಲಲ್ಲಿ ನಿಂತೆವು. ಜೋಲಿಯಲ್ಲಿ ಮನುಷ್ಯ ಇದ್ದಾನೆಂದು ತಿಳಿಯದಷ್ಟು ಸಣ್ಣಗಾಗಿದ್ದರು. ಕಣ್ಣು ತೆರೆದರು.

"ಬರ್ತಾರಾ?"

"ಆರು ಗಂಟೆಗೆ ಬರ್ತಾರೆ," ಎಂದರು ದೊನ್ಯಾ ಲಾಂದಿ, ಗಡಿಯಾರದ ಮೇಲೆ ಕೈಯಿಟ್ಟು ಹೇಳಿದಷ್ಟು ಗಟ್ಟಿಯಾಗಿ.

ವಾಪಸು ಬಂದಾಗ ನಾಲ್ಕೂವರೆ. ಗಾಸ್ಪರನ ಅಡುಗೆಮನೆಯ ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿದರು. ನೀದಿಯಾ ಮಾತ್ರ ಒಲೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಕಳ್ಳ ಸಿಕ್ಕಿದ," ಎಂದರು ದೊನ್ಯಾ ಲಾಂದಿ.

"ಕಳ್ಳನಾ, ಕಳ್ಳಿನಾ?" ಎಂದ ರುಸೆಲ್.

"ಕೇಳ್ರಿ. ನೀವು ಮೂವರೂ ಗಿಟಾರ್ ಬಲ್ಲವರು. ಮಧ್ಯಾಹ್ನ ಸಡಿಲ ತಂತಿ ನೋಡಿ ಕುಚೇಷ್ಟೆ ಅಂದ್ರಿ. ನಾನು ಗಿಟಾರಿನವಳಲ್ಲ, ಹಗ್ಗ ಕಟ್ಟೋಳು. ಯಾರಾದ್ರೂ ಊರಿಗೆ ಹೋಗೋವಾಗ ಜೋಲಿ ಏನು ಮಾಡ್ತಾರೆ? ಕೊಂಡಿಯಿಂದ ಇಳಿಸಿ, ಸಡಿಲ ಬಿಟ್ಟು, ಸುತ್ತಿಡ್ತಾರೆ. ನೂಲು ಎಳೆದು ಹಾಳಾಗಬಾರದು ಅಂತ. ಮೆಲ್ಚೋರ್, ನೀನು ಗಿಟಾರನ್ನ ತಿಂಗಳುಗಟ್ಟಲೆ ಬಾರಿಸಲ್ಲ ಅಂದ್ರೆ ಏನು ಮಾಡ್ತೀಯಾ?"

"ತಂತಿ ಸಡಿಲಿಸ್ತೀನಿ. ಇಲ್ಲದಿದ್ರೆ ಮರ ಬಾಗುತ್ತೆ..." ಎಂದವನು ಅಲ್ಲಿಗೇ ನಿಂತೆ. ಮೂವತ್ತು ವರ್ಷ ಆ ಕೆಲಸ ಮಾಡಿದವನು ನಾನು. ನನ್ನ ಬೆರಳೇ ಆ ತಂತಿ ಮೀಟಿತ್ತು. ನೋಡಿಯೂ ನೋಡಿರಲಿಲ್ಲ.

"ಆರೂ ತಂತಿ ಒಂದೇ ಸಮ ಸಡಿಲ. ಒಂದೊಂದನ್ನೂ ಒತ್ತಿ ನೋಡಿದೆ. ಕದಿಯೋಕೆ ಬಂದವನಿಗೆ ಅಷ್ಟು ತಾಳ್ಮೆ ಇರುತ್ತಾ? ಹೊಟ್ಟೆಕಿಚ್ಚಿನಿಂದ ಬಂದವರು ಕತ್ತರಿಸ್ತಾರೆ. ನೀದಿಯಾ ಕತ್ತರಿಸೋಳು, ಅದು ಊರಿಗೇ ಗೊತ್ತು. ಇದು ಕತ್ತರಿಸೋ ಕೈ ಅಲ್ಲ. ಗಿಟಾರಿಗೆ ನೋವಾಗಬಾರದು ಅನ್ನೋ ಕೈ. ನಾಳೆ ಹಾಡಿಲ್ಲ, ನಾಡಿದ್ದೂ ಇಲ್ಲ ಅಂತ ನಿನ್ನೆ ರಾತ್ರಿನೇ ತೀರ್ಮಾನ ಮಾಡಿದ ಕೈ. ಒಂದಿಡೀ ದಿನ ಬಿಗಿಯಾಗಿರಬೇಕಾದ ಹೊಸ ತಂತಿನ ಅಭ್ಯಾಸಬಲದಿಂದ ಸಡಿಲಿಸಿ ಮಲಗಿಸಿದ ಕೈ. ಅಲ್ವಾ, ದೊನ್ ಗಾಸ್ಪರ್?"

ಗಾಸ್ಪರ್ ಎದೆಯ ಮೇಲೆ ಅಂಗಿಯನ್ನು ಒತ್ತಿ ಹಿಡಿದ. ದೊನ್ಯಾ ಲಾಂದಿ ನಿಲ್ಲಿಸಲಿಲ್ಲ.

"ಒಂದು ಸಲ ಓದಿದ್ದು ನೆನಪಿಲ್ಲ ಅಂದ್ರಿ. ನಿಮ್ಮ ತಲೇಲಿ ಮುನ್ನೂರು ಹಾಡಿದೆ ಅಂತಾರೆ. ನೆನಪಿಲ್ದೆ ಅಲ್ಲ. ಮರೆಯೋಕಾಗದೆ."

ಗಾಸ್ಪರ್ ನಿಧಾನವಾಗಿ ಅಂಗಿಯ ಗುಂಡಿ ಬಿಚ್ಚಿದ. ಬನಿಯನ್ನಿನ ಒಳಗಿನಿಂದ ಬೆವರಿಗೆ ತೊಯ್ದ ಎರಡು ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಎಸೆದ. ಹರಿಯಲು ಅವನಿಗೂ ಕೈ ಬಂದಿರಲಿಲ್ಲ.

"ಹೌದು. ನಾನೇ. ಓದ್ರಿ! ಎಲ್ಲರೂ ಓದ್ರಿ!"

ನಾನು ಓದಿದೆ.

ಎಲ್ಲ ಗೋಡೆಗೂ ಸುಣ್ಣ ಬಳಿದೆ,
ಒಂದ ಬಿಟ್ಟೆ, ಒಂದೇ ಬಿಟ್ಟೆ;
ಅಲ್ಲಿ ನಿನ್ನ ಎಡದ ಕಾಲು
ತೂಗಿ ತೂಗಿ ಇಟ್ಟ ಮುದ್ರೆ.

"ಅರ್ಥ ಆಯ್ತಾ?" ಎಂದು ಗಾಸ್ಪರ್ ಚೀರಿದ. "ಮೂವತ್ತು ವರ್ಷ ಆ ಮನುಷ್ಯನ ಮಾತಿಗೆ ನಾನು ರಾಗ ಹಾಕಿದೆ. ಯಾವಳ ಮೇಲಪ್ಪ ಇಷ್ಟು ಹಂಬಲ ಅಂತ ನಗ್ತಿದ್ದೆ. ಅವಳು ನನ್ನ ಪಕ್ಕದ ಜೋಲಿಯಲ್ಲೇ ಮಲಗಿದ್ಲು! ಎಡಗಾಲಲ್ಲಿ ಗೋಡೆ ಒದೆಯೋ ಹೆಂಗಸು ಈ ಊರಲ್ಲಿ ಎಷ್ಟು ಜನ? ಆ ಬೀದಿಗೆ ಮಾತ್ರ ಹೋಗಲ್ಲ ಅಂತ ಮೂವತ್ತು ವರ್ಷ ಹಟ ಹಿಡಿದೋರು ಎಷ್ಟು ಜನ? ಅವನ ಮನೆ ಗೋಡೆ ಮೇಲೆ ಇವಳ ಕಾಲು ಹೇಗೆ ಬಂತು? ಹೇಳು ನೀದಿಯಾ! ಎಷ್ಟು ಮಧ್ಯಾಹ್ನ ಹೋಗಿದ್ದೆ?"

ನೀದಿಯಾ ಒಂದು ಹೆಜ್ಜೆ ಮುಂದೆ ಬಂದಳು.

"ಇಷ್ಟು ದಿನ ಇವಳು ಬೀದಿ ಎಣಿಸಿದ್ಲು ನನ್ನ ಮೇಲೆ ಅನುಮಾನಪಟ್ಟು!" ಎಂದು ಗಾಸ್ಪರ್ ನಗಲು ಹೋದ. ಅದು ನಗುವಾಗಿ ಹೊರಬರಲಿಲ್ಲ.

"ತಪ್ಪು ಬಾಗಿಲಿನಿಂದ ಎಣಿಸಿದ್ಲು," ಎಂದರು ದೊನ್ಯಾ ಲಾಂದಿ. "ಊರಿನವರೆಲ್ಲ ಮಾಡೋ ತಪ್ಪದು. ರಾಗ ನಿಮ್ಮದು ಅಂತ ಹಂಬಲನೂ ನಿಮ್ಮದೇ ಅಂದ್ಕೊಂಡ್ಲು. ಮಾತು ಯಾರದೋ ಅವರ ಬಾಗಿಲಿನಿಂದ ಎಣಿಸಬೇಕು. ನಾನು ಇವತ್ತು ಎಣಿಸಿದೆ. ಅಲ್ಲಿಂದ ಇಲ್ಲಿಗೆ ಸರಿಯಾಗಿ ಹತ್ತು. ಅಲ್ಲಿಗೆ ನಿಮ್ಮ ಅನುಮಾನ ಅರ್ಧ ನಿಜ. ಹಾಡು ನೀದಿಯಾದೇ. ಆದ್ರೆ ಇನ್ನರ್ಧ ಸುಳ್ಳು. ಹಾಡನ್ನ ಓದಿದ್ರಿ, ಗೋಡೆ ನೋಡಲಿಲ್ಲ. ನಾನು ನೋಡ್ದೆ."

"ಏನು ನೋಡಿದ್ರಿ?"

"ಜೋಲಿಯಲ್ಲಿ ಒಂದು ಮಧ್ಯಾಹ್ನ ಮಲಗಿದ್ರೆ ಗೋಡೆ ಕಪ್ಪಾಗಲ್ಲ. ನೂರು ಮಧ್ಯಾಹ್ನ ಮಲಗಿದ್ರೂ ಅಷ್ಟು ಕಪ್ಪಾಗಲ್ಲ. ಅದು ಹತ್ತು ವರ್ಷದ ರಾತ್ರಿಗಳ ಕಲೆ. ಕೆಳಗಿನ ಅಂಚಲ್ಲಿ ಕಾಲ್ಬೆರಳಿನ ಗುರುತು ಎಷ್ಟಿದೆ ಗೊತ್ತಾ? ನನ್ನ ಹೆಬ್ಬೆರಳಿನ ಉಗುರಿನಷ್ಟು. ಆರು ವರ್ಷದ ಮಗುವಿನ ಕಾಲು. ಮೇಲೆ ಹೋದ ಹಾಗೆ ದೊಡ್ಡದಾಗುತ್ತೆ. ಒಂದು ಹುಡುಗಿ ಆ ಕೋಣೆಯಲ್ಲಿ ಬೆಳೆದಿದ್ದಾಳೆ. ಅಡುಗೆಮನೆ ಹಿಂದೆ, ಕಿಟಕಿ ಇಲ್ಲದ ಕೋಣೆ. ಮನೆಮಗಳನ್ನ ಯಾರೂ ಅಲ್ಲಿ ಮಲಗಿಸಲ್ಲ." ದೊನ್ಯಾ ಲಾಂದಿ ದನಿ ತಗ್ಗಿಸಿದರು. "ಉಳಿದಿದ್ದನ್ನ ನಾನು ಹೇಳಬಾರದು, ನೀದಿಯಾ. ನೀನು ಹೇಳಿದ್ರೆ ಹೇಳು. ಇಲ್ಲದಿದ್ರೆ ಬಿಡು."

ನೀದಿಯಾ ಒಲೆಯ ಕಡೆ ತಿರುಗಿದಳು. ಅತ್ತ ಮುಖ ಮಾಡಿಯೇ ಮಾತಾಡಿದಳು.

"ಆರು ವರ್ಷಕ್ಕೆ ನನ್ನನ್ನ ಆ ಮನೆಗೆ ಬಿಟ್ರು. ಅಪ್ಪ ಇರಲಿಲ್ಲ, ಅಮ್ಮನಿಗೆ ಐದು ಮಕ್ಕಳು. ಫೆರ್ಮಿನ್ ಅವರ ತಾಯಿ ದೊನ್ಯಾ ಪೆರ್ಪೆತುವಾ, ಧರ್ಮತಾಯಿ ಅಂತ ಹೆಸರಿಗೆ. ಪಾತ್ರೆ, ನೆಲ, ಬಟ್ಟೆ. ಬಾವಿಕಟ್ಟೆಯಿಂದ ಬಿದ್ದು ಕಾಲು ಮುರಿದದ್ದೂ ಅಲ್ಲೇ. ಹದಿನಾರಕ್ಕೆ ದೊನ್ಯಾ ಪೆರ್ಪೆತುವಾ ಕೈಗೆ ಒಂದು ಚೀಟಿ ಸಿಕ್ತು. ಮಗ ನನಗೆ ಬರೆದದ್ದು. ಅದೇ ಸಂಜೆ ನನ್ನ ಗಂಟು ಬೀದಿಗೆ ಬಿತ್ತು."

"ನನಗ್ಯಾಕೆ ಹೇಳಲಿಲ್ಲ?" ಗಾಸ್ಪರನ ದನಿ ಇಳಿದಿತ್ತು.

"ಯಾವಾಗ ಹೇಳಲಿ? ಮದುವೆ ಆದ ಮೊದಲನೇ ವಾರವೇ ನೀನು ನಿಮ್ಮಮ್ಮನಿಗೆ, ಇವಳ ಅಪ್ಪ ಮೇಷ್ಟ್ರಾಗಿದ್ರಂತೆ ಅಂತ ಹೇಳಿದೆ. ಯಾರೋ ನಿನಗೆ ತಪ್ಪು ಹೇಳಿದ್ರು. ನೀನು ಎಷ್ಟು ಹೆಮ್ಮೆಯಿಂದ ಹೇಳಿದೆ ಅಂದ್ರೆ ಅದನ್ನ ಕಿತ್ಕೊಳ್ಳೋಕೆ ಮನಸ್ಸು ಬರಲಿಲ್ಲ. ಆಮೇಲೆ ನೀನು ಅದೇ ಮನೆಯವರ ಜೊತೆ ಹಾಡು ಕಟ್ಟೋಕೆ ಶುರು ಮಾಡ್ದೆ. ಅವರೂ ಹೇಳಲಿಲ್ಲ. ನಾನು ಆ ಬೀದಿ ಬಿಟ್ಟೆ. ಕಂಡ ಹೆಂಗಸರ ಮೇಲೆಲ್ಲ ಅನುಮಾನಪಟ್ಟೆ, ನಿನ್ನನ್ನ ಕಳ್ಕೊಂಡ್ರೆ ಮತ್ತೆ ಬೀದಿಗೆ ಬೀಳ್ತೀನಿ ಅಂತ. ನೀನು ಮಧ್ಯಾಹ್ನ, ಇವಳಲ್ಲ ಅಂತ ಒಂದು ಮಾತು ಹೇಳಲಿಲ್ಲ, ಗಾಸ್ಪರ್."

ಗಾಸ್ಪರ್ ಎದ್ದ. ರುಸೆಲನ ಎದುರಿಗೆ ಹೋಗಿ ನಿಂತ.

"ಇವಳಲ್ಲ," ಎಂದ. "ನಾನು. ಊರಿಗೆಲ್ಲ ಹಾಗೇ ಹೇಳು."

ರುಸೆಲ್ ತಲೆಯಾಡಿಸಿದ.

ಗಾಸ್ಪರ್ ಮತ್ತೆ ಹೆಂಡತಿಯ ಹತ್ತಿರ ಬಂದ. ಅರವತ್ತೆರಡು ವರ್ಷದ ಗಂಡಸು, ಕೈಯಲ್ಲಿ ಟೊಪ್ಪಿ ತಿರುಗಿಸುತ್ತಾ ಕೇಳಿದ: "ನೀನೂ ಅವನನ್ನ ಪ್ರೀತಿಸಿದ್ಯಾ?"

"ನನಗೆ ಹದಿನಾರು ವರ್ಷ, ಮುದುಕ. ಪ್ರೀತಿಗೆ ಪುರುಸೊತ್ತಿರಲಿಲ್ಲ. ಪಾತ್ರೆ ಇತ್ತು."

ದೊನ್ಯಾ ಲಾಂದಿ ಗಡಿಯಾರ ನೋಡಿದರು. "ಐದೂಕಾಲು. ಅಲ್ಲೊಬ್ಬರು ಕಾಯ್ತಿದ್ದಾರೆ."

ಗಾಸ್ಪರ್ ಗಿಟಾರ್ ತೆಗೆದುಕೊಂಡು ತಂತಿ ಬಿಗಿಯತೊಡಗಿದ. ಹೊಸ ತಂತಿ ಪ್ರತಿ ಸಲವೂ ಜಾರುತ್ತಿತ್ತು. ಬೈದುಕೊಳ್ಳುತ್ತಾ ಮತ್ತೆ ಬಿಗಿಯುತ್ತಿದ್ದ. ನೀದಿಯಾ ಕೈ ತೊಳೆದಳು, ಕಸೂತಿಯ ಬಿಳಿ ಉಡುಪು ಹಾಕಿಕೊಂಡು ಬಂದಳು, ಎಲ್ಲರಿಗಿಂತ ಮೊದಲು ಬೀದಿಗಿಳಿದಳು.

ಸರಿಯಾಗಿ ಆರಕ್ಕೆ ಕಿಟಕಿಯ ಕೆಳಗೆ ನಿಂತೆವು. ಬಸಿಲಿಯಾ ಕಿಟಕಿಯ ಎರಡೂ ಬಾಗಿಲು ತೆರೆದಳು. ಗಾಸ್ಪರ್ ಹಾಡಿದ. ಬಾವಿ ರಾಟೆಯ ದನಿಯೇ. ರುಸೆಲ್ ಸುಳ್ಳು ಹೇಳಿರಲಿಲ್ಲ. ಆದರೆ ರುಸೆಲನೇ ಕಣ್ಣು ಮುಚ್ಚಿ ಎರಡನೆಯ ದನಿ ಸೇರಿಸಿದ. ಮೂರು ನುಡಿ ಮುಗಿಯಿತು. ನಾಲ್ಕನೆಯದಕ್ಕೆ ಮುಂಚೆ ಗಾಸ್ಪರ್ ಒಂದು ಉಸಿರು ನಿಂತ. ನೀದಿಯಾಳತ್ತ ನೋಡಲಿಲ್ಲ. ಆಮೇಲೆ ಹಾಡಿದ, ಒಂದು ಪದವನ್ನೂ ಬಿಡದೆ, ಹಾಳೆಯಿಲ್ಲದೆ.

ಬಸಿಲಿಯಾ ಕಿಟಕಿಗೆ ಬಂದು, "ಇನ್ನೊಂದು ಸಲ ಅಂತಿದ್ದಾರೆ," ಎಂದಳು.

ಗಾಸ್ಪರ್ ಜಾರಿದ ತಂತಿಯನ್ನು ಮತ್ತೆ ಬಿಗಿದ. ಹೊಟ್ಟೆಕಿಚ್ಚು ಒಂದು ಸಂಜೆಯಲ್ಲಿ ಆರುವ ಬೆಂಕಿಯಲ್ಲ. ಆದರೂ ಇನ್ನೊಂದು ಸಲ ಹಾಡಿದ.

ವಾಪಸು ಬರುವಾಗ ನಾನು ಅವರಿಬ್ಬರಿಗಿಂತ ನಾಲ್ಕು ಹೆಜ್ಜೆ ಹಿಂದಿದ್ದೆ. ಏಳನೆಯ ಮೂಲೆಗೆ ಬಂದೆವು. ಅಲ್ಲಿ ಗಾಸ್ಪರ್ ತಡೆಯಲಾರದೆ ಕೇಳಿದ:

"ಆ ಚೀಟಿ... ದೊನ್ಯಾ ಪೆರ್ಪೆತುವಾ ಕೈಗೆ ಹೇಗೆ ಸಿಕ್ತು?"

"ನಾನೇ ಕೊಟ್ಟೆ," ಎಂದಳು ನೀದಿಯಾ.

"ನೀನೇ?"

"ನನ್ನ ತಟ್ಟೆ ಕೆಳಗಿತ್ತು. ನನಗಾಗ ಓದೋಕೆ ಬರ್ತಿರಲಿಲ್ಲ, ಗಾಸ್ಪರ್. ಸಂತೆಯಿಂದ ತರಬೇಕಾದ ಸಾಮಾನಿನ ಪಟ್ಟಿ ಅಂದ್ಕೊಂಡೆ. ಓದಿ ಹೇಳಿ ಅಂತ ಅವರಮ್ಮನ ಕೈಗೇ ಕೊಟ್ಟೆ." ಅವಳು ಎರಡು ಹೆಜ್ಜೆ ನಡೆದಳು. "ಅದರಲ್ಲಿ ಏನು ಬರೆದಿತ್ತು ಅಂತ ನನಗೆ ಯಾರೂ ಹೇಳಿರಲಿಲ್ಲ. ಅವರ ಮನಸ್ಸಲ್ಲಿ ಏನಿತ್ತು ಅಂತ ಇವತ್ತು ನಿನ್ನ ಬಾಯಿಂದ ಕೇಳಿದೆ."

ಗಾಸ್ಪರ್ ಗಿಟಾರನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಿಂದ ಹೆಂಡತಿಯ ಕೈ ಹಿಡಿದ.